ಚಿಕ್ಕಪೇಟೆ ಸಿಕ್ಕಿತು, ದೊಡ್ಡಪೇಟೆ ಎಲ್ಲಿ?

ಮಾನ್ಯ ಸಂಪಾದಕರೇ,

ಹೋದ ವಾರ ಊರಿಂದ ಬಂದಿದ್ದ ಅಕ್ಕನ ಮಗಳಿಗೆ ಸೀರೆ ಕೊಡಿಸೋಣ ಅಂತ ಚಿಕ್ಕಪೇಟೆಗೆ ಕರೆದುಕೊಂಡು ಹೋಗಿದ್ದೆ. ಮೆಟ್ರೊ ಇಳಿದು ಬೋರ್ಡು ನೋಡಿದವಳೇ, ‘ಮಾವ, ಚಿಕ್ಕಪೇಟೆ ಇದ್ರೆ ದೊಡ್ಡಪೇಟೆನೂ ಇರಬೇಕಲ್ವಾ?’ ಅಂದಳು. ಹೊರಗೆ ನಿಂತಿದ್ದ ಆಟೊದವರನ್ನು ಸುಮ್ನೆ ಕೇಳಿದೆ. ‘ಯಾವುದು ಸಾರ್, ದೊಡ್ಡಬಳ್ಳಾಪುರನಾ?’ ಅಂದರು. ನಗು ಬಂತು, ಜೊತೆಗೆ ಬೇಜಾರೂ ಆಯಿತು. ಪಾಪ, ಅವರು ದಿನಾ ಹಾರ್ನ್ ಹೊಡೆದುಕೊಂಡು ಓಡಾಡುವ ಅವೆನ್ಯೂ ರಸ್ತೆಯೇ ದೊಡ್ಡಪೇಟೆ!

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಗೆ ಈ ಎರಡು ಬೀದಿಗಳೇ ಬೆನ್ನೆಲುಬು. ಯಲಹಂಕ ಬಾಗಿಲಿಂದ ದಕ್ಷಿಣಕ್ಕೆ ಕೋಟೆಯ ಕಡೆ ಹೋಗುವುದು ದೊಡ್ಡಪೇಟೆ, ಹಲಸೂರು ಬಾಗಿಲಿಂದ ಪಶ್ಚಿಮಕ್ಕೆ ಹೋಗುವುದು ಚಿಕ್ಕಪೇಟೆ. ಇವೆರಡೂ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೂ ಎತ್ತು ಕಟ್ಟಿ ನೇಗಿಲು ಹೊಡೆಸಿ ಬೀದಿ ಗುರುತು ಮಾಡಿದರು ಅನ್ನುವ ಕತೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಆ ಜಾಗದಲ್ಲೇ ನಿಂತು ಪೈಜಾಮ ಚೌಕಾಸಿ ಮಾಡುವವರಿಗೆ ಅದು ಇದೇ ಜಾಗ ಅನ್ನುವುದು ಗೊತ್ತಿರುವುದಿಲ್ಲ.

ಸುತ್ತಲಿನ ಹೆಸರುಗಳೇನೋ ಗಟ್ಟಿಯಾಗಿ ಉಳಿದಿವೆ. ಅಕ್ಕಿಪೇಟೆ, ರಾಗಿಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಹೀಗೆ ಹೆಸರು ಹೇಳಿದರೆ ಸಾಕು, ಅಲ್ಲಿ ಯಾರಿದ್ದರು, ಏನು ಮಾರುತ್ತಿದ್ದರು ಅಂತ ತಿಳಿಯುತ್ತದೆ. ಈಗ ಬಳೆಪೇಟೆಯಲ್ಲಿ ವೀಣೆ, ತಬಲಾ, ಹಾರ್ಮೋನಿಯಂ ಅಂಗಡಿಗಳೂ ಇವೆ, ಇರಲಿ. ಅರಳೆಪೇಟೆ ಮಾತ್ರ ಕಾಟನ್‌ಪೇಟೆ ಆಗಿಬಿಟ್ಟಿತು. ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದ ಜಾಗಕ್ಕೆ ಸಿದ್ದಿಕಟ್ಟೆ ಅಂತ ಹೆಸರಿತ್ತು, ಅದನ್ನು ಹೇಳುವ ಅಜ್ಜಂದಿರೂ ಈಗ ಕಡಿಮೆ. ಹಲಸೂರು ಗೇಟ್ ಅನ್ನುವ ಹೆಸರು ಉಳಿದದ್ದು ಪೊಲೀಸ್ ಠಾಣೆಯ ಪುಣ್ಯದಿಂದ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೇನೆ ಪೇಟೆಯೊಳಗೆ ನುಗ್ಗಿದ್ದು ಅದೇ ಬಾಗಿಲಿಂದ ಅನ್ನುವುದನ್ನು ಹೇಳುವ ಒಂದು ಫಲಕ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಅವೆನ್ಯೂ ರಸ್ತೆಯ ಹೆಸರು ಬದಲಿಸಿ ಅಂತ ನಾನು ಕೇಳುತ್ತಿಲ್ಲ. ಹಳೇ ಪುಸ್ತಕ ಹುಡುಕಿಕೊಂಡು ಅಲ್ಲಿಗೆ ಹೋಗಿ ಬೆಳೆದವರಿಗೆ ಆ ಹೆಸರೂ ಪ್ರೀತಿಯದೇ. ಆದರೆ ರಸ್ತೆ ಅಗೆದು, ಕಲ್ಲು ಹಾಸಿ, ಮತ್ತೆ ಅಗೆಯುವುದಕ್ಕೆ ದುಡ್ಡು ಇರುವವರಿಗೆ ಇರುವ ಬೋರ್ಡಿನ ಕೆಳಗೆ ‘ಹಳೆಯ ಹೆಸರು: ದೊಡ್ಡಪೇಟೆ’ ಅಂತ ಒಂದು ಸಾಲು ಬರೆಸುವುದು ಕಷ್ಟವೇನಲ್ಲ. ಮುಂದಿನ ಕರಗದ ಹೊತ್ತಿಗಾದರೂ ಬರೆಸಲಿ, ಅಕ್ಕನ ಮಗಳು ಆಗ ಮತ್ತೆ ಬರುತ್ತಾಳಂತೆ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು