ಏಳನೇ ತಿಂಗಳಲ್ಲಿ ಹೋದ ಮಗು ಯಾವ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಗರ್ಭನಷ್ಟ, ನಿರ್ಜೀವ ಜನನದಂಥ ವಿಷಯ ಹಿಡಿದು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಬರುವವರ ಪ್ರಸ್ತಾವನೆಗಳು ಸಾಮಾನ್ಯವಾಗಿ ತಾಯಂದಿರ ದುಃಖದಿಂದಲೇ ಶುರುವಾಗುತ್ತವೆ. ಯಾವ ತಾಯಂದಿರು, ಅವರ ಪಟ್ಟಿ ಸಿಕ್ಕಿದ್ದು ಎಲ್ಲಿಂದ, ಪಟ್ಟಿಗೆ ಬಾರದೇ ಹೋದವರು ಯಾರು ಎಂಬ ಪ್ರಶ್ನೆ ಕೊನೆಯ ಪುಟದವರೆಗೂ ಏಳುವುದಿಲ್ಲ. ಈ ಕ್ಷೇತ್ರಕ್ಕೆ ಬರುವವರು ಮೊದಲು ರಿಜಿಸ್ಟರ್ ಓದಲು ಕಲಿಯಬೇಕು, ಸಂದರ್ಶನ ಆಮೇಲೆ.

1969ರ ಜನನ ಮರಣ ನೋಂದಣಿ ಕಾಯ್ದೆಯಡಿ ನಿರ್ಜೀವ ಜನನಕ್ಕೆ ಪ್ರತ್ಯೇಕ ನಮೂನೆ ಇದೆ. ಜನನಕ್ಕೆ ನಮೂನೆ 1, ಮರಣಕ್ಕೆ 2, ನಿರ್ಜೀವ ಜನನಕ್ಕೆ 3. ವರದಿಗೆ 21 ದಿನ ಗಡುವು. ಆದರೆ ಗರ್ಭಕ್ಕೆ 28 ವಾರ ತುಂಬಿರಬೇಕು. ಅದಕ್ಕೂ ಮುಂಚೆ ಹೋದದ್ದು ಈ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಇನ್ನು ರಜೆಯ ಕಾನೂನು ಬೇರೆಯೇ ಕಡೆ ಗೆರೆ ಎಳೆದಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ 26ನೇ ವಾರದವರೆಗೆ ಹೋದರೆ ಗರ್ಭಪಾತ, ಸಂಬಳ ಸಹಿತ ಆರು ವಾರ ರಜೆ ಇತ್ತು. ಆಮೇಲೆ ಹೋದರೆ ಅದು ಹೆರಿಗೆ. 'ಮಗು' ಎಂಬ ಪದಕ್ಕೆ ಸತ್ತು ಹುಟ್ಟಿದ ಮಗುವೂ ಸೇರುತ್ತದೆ ಎಂದು ಕಾಯ್ದೆಯೇ ಹೇಳಿದ್ದರಿಂದ ಪೂರ್ತಿ ಹೆರಿಗೆ ರಜೆ ಸಿಗಬೇಕಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಬದಲಿಗೆ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ 26ನೇ ವಾರದ ಗೆರೆಯನ್ನು, 'ಮಗು'ವಿನ ಅರ್ಥವನ್ನು ಹಾಗೆಯೇ ಇಟ್ಟುಕೊಂಡಿದೆ. ಎರಡೂ ಗೆರೆಗಳ ನಡುವಿನ ಆ ಎರಡು ವಾರಗಳಲ್ಲಿ ಮಗು ಕಳೆದುಕೊಂಡ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಪೂರ್ತಿ ರಜೆಯ ಹಕ್ಕಿದೆ, ನೋಂದಣಿ ಕಚೇರಿಯ ಕಾಗದ ಮಾತ್ರ ಇಲ್ಲ. ಅವಳಿಗೆ ಆಧಾರ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯೊಂದೇ. ಅದರಲ್ಲಿ ವಾರ ಎಷ್ಟೆಂದು ಬರೆಯದಿದ್ದರೆ ಅದೂ ಕೈಕೊಡುತ್ತದೆ.

ನಮ್ಮ ಹೆಂಗಸರು ವಾರದಲ್ಲಿ ಲೆಕ್ಕ ಹಾಕುವವರೂ ಅಲ್ಲ. 'ಏಳಕ್ಕೆ ಬಿದ್ದಿತ್ತು' ಎಂದರೆ ಆರು ತಿಂಗಳು ತುಂಬಿ ಏಳನೆಯದು ನಡೆಯುತ್ತಿತ್ತು ಎಂದರ್ಥ. ವಾರಕ್ಕೆ ಇಳಿಸಿದರೆ ಹೆಚ್ಚೂಕಡಿಮೆ 26ರಿಂದ 30. ಎರಡು ಕಾನೂನುಗಳ ಗೆರೆ ಬೀಳುವುದು ಸರಿಯಾಗಿ ಇದೇ ತಿಂಗಳಲ್ಲಿ! ಆದ್ದರಿಂದ ತಿಂಗಳು ಕೇಳಿ ಬರೆದುಕೊಂಡು ಬರುವ ಪ್ರಶ್ನಾವಳಿಯಿಂದ ಏನೂ ತೀರ್ಮಾನವಾಗದು. ತಾಯಿ ಕಾರ್ಡ್ ನೋಡಿ ಕೊನೆಯ ಮುಟ್ಟಿನ ದಿನಾಂಕ ತೆಗೆದುಕೊಳ್ಳಬೇಕು, ಮೊದಲ ಸ್ಕ್ಯಾನಿಂಗ್ ವರದಿಯೊಂದಿಗೆ ತಾಳೆ ಹಾಕಬೇಕು. ಕಾರ್ಡ್ ಇಲ್ಲದಿದ್ದರೆ ಯುಗಾದಿಗೆ ಮುಂಚೆಯೋ ಆಮೇಲೋ ಎಂದು ಹಬ್ಬ ಹಿಡಿದು ಕೇಳಬೇಕು.

ಪದಗಳ ಗೋಜಲು ಇದಕ್ಕಿಂತ ದೊಡ್ಡದು. 'ಅಬಾರ್ಷನ್ ಆಗಿತ್ತಾ?' ಎಂದು ಕೇಳಿದರೆ 'ತೆಗೆಸಿದ್ದೀಯಾ?' ಎಂದು ಕೇಳಿದಂತೆ ಕೇಳಿಸುತ್ತದೆ. ಅತ್ತೆ ಪಕ್ಕದಲ್ಲಿದ್ದರಂತೂ ಉತ್ತರ 'ಇಲ್ಲ'. ತಾನಾಗಿ ಹೋದಮೇಲೆ ಉಳಿದದ್ದನ್ನು ತೆಗೆದರೂ 'ಕ್ಲೀನ್ ಮಾಡಿದ್ರು', ಬೇಡವೆಂದು ತೆಗೆಸಿದರೂ 'ಕ್ಲೀನ್ ಮಾಡಿದ್ರು'. ವೈದ್ಯರ ಚೀಟಿಯೂ ಹೆಚ್ಚು ಸಹಾಯ ಮಾಡದು. ಜಿ3 ಪಿ1 ಎಲ್0 ಎ1 ಎಂದು ಬರೆಯುತ್ತಾರೆ: 'ಜಿ' ಎಂದರೆ ಎಷ್ಟು ಬಾರಿ ಗರ್ಭ ನಿಂತಿದೆ, 'ಪಿ' ಎಷ್ಟು ಹೆರಿಗೆ, 'ಎಲ್' ಬದುಕಿರುವ ಮಕ್ಕಳೆಷ್ಟು, 'ಎ' ಎಷ್ಟು ಅಬಾರ್ಷನ್. ಇಲ್ಲಿನ 'ಎ' ತಾನಾಗಿ ಹೋದದ್ದಕ್ಕೂ ತೆಗೆಸಿದ್ದಕ್ಕೂ ಒಂದೇ. ಹೆರಿಗೆ 'ಪಿ'ಯಲ್ಲಿದ್ದು ಬದುಕಿರುವ ಮಗು 'ಎಲ್'ನಲ್ಲಿ ಇಲ್ಲವೆಂದರೆ ಅದು ಸತ್ತು ಹುಟ್ಟಿತೋ, ಹುಟ್ಟಿ ಎರಡು ವರ್ಷಕ್ಕೆ ತೀರಿಕೊಂಡಿತೋ ಆ ಅಕ್ಷರಗಳು ಹೇಳುವುದಿಲ್ಲ. ಹಾಗಾಗಿ 'ಗರ್ಭ ನಿಂತು, ದಿನ ತುಂಬದೆ ಹೋದದ್ದು ಇದೆಯಾ?' ಎಂದು ಮೊದಲು ಕೇಳಿ, 'ತಾನಾಗಿ ಹೋಯಿತಾ, ತೆಗೆಸಬೇಕಾಯಿತಾ?' ಎಂಬುದನ್ನು ಮನೆಯವರು ಇಲ್ಲದ ಇನ್ನೊಂದು ಭೇಟಿಗೆ ಇಟ್ಟುಕೊಳ್ಳುವುದೇ ಲೇಸು.

ಹೆರಿಗೆ ಕೋಣೆಯ ರಿಜಿಸ್ಟರಿನಲ್ಲಿ ನಿರ್ಜೀವ ಜನನವನ್ನು 'ಫ್ರೆಶ್', 'ಮ್ಯಾಸರೇಟೆಡ್' ಎಂದು ಬೇರೆಮಾಡಿ ಬರೆಯುತ್ತಾರೆ. ಚರ್ಮ ಕೆಡದಿದ್ದರೆ ಹೆರಿಗೆಯ ಹೊತ್ತಿನಲ್ಲೇ ಸತ್ತದ್ದು, ಸುಲಿದಿದ್ದರೆ ಅದಕ್ಕೂ ಮುಂಚೆ ಹೊಟ್ಟೆಯಲ್ಲೇ. ಮೊದಲನೆಯದು ಹೆರಿಗೆ ಮಾಡಿಸಿದವರ ಆರೈಕೆಯ ಮೇಲೆ ಪ್ರಶ್ನೆ ಎತ್ತುತ್ತದೆ, ಎರಡನೆಯದು ಅಷ್ಟಾಗಿ ಎತ್ತುವುದಿಲ್ಲ. ಅಂದಮೇಲೆ ಯಾವುದು ಯಾವ ಕಾಲಮ್ಮಿಗೆ ಹೋಗುತ್ತದೆ ಎಂಬುದು ಬರೀ ವೈದ್ಯಕೀಯ ಸಂಗತಿಯಲ್ಲ. ಒಂದೆರಡು ಉಸಿರು ಎಳೆದು ಹೋದ ಮಗು, ಹೊಕ್ಕುಳ ಬಳ್ಳಿ ಮಿಡಿಯುತ್ತಿದ್ದ ಮಗು ವ್ಯಾಖ್ಯೆಯಂತೆ ಜೀವಂತ ಜನನವೇ. ನಿರ್ಜೀವ ಎಂದು ಬರೆದುಬಿಟ್ಟರೆ ಶಿಶು ಮರಣ ಪರಿಶೀಲನೆಗೆ ಅದು ಬರುವುದೇ ಇಲ್ಲ.

ಇದೆಲ್ಲ ಸೇರಿ ದೇಶದ ಅಂಕಿ ಹೇಗಿದೆ ನೋಡಿ. ಆಯ್ದ ಊರುಗಳಲ್ಲಿ ಜನನ ಮರಣ ಎಣಿಸುವ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆ 2020ಕ್ಕೆ ಕೊಟ್ಟದ್ದು ಸಾವಿರ ಜನನಕ್ಕೆ 3 ನಿರ್ಜೀವ ಜನನ. ವಿಶ್ವಸಂಸ್ಥೆಯ ಅಂದಾಜು 2019ಕ್ಕೆ 13.9. ಒಂದು ವರ್ಷದ ಅಂತರಕ್ಕೆ ಇಷ್ಟೊಂದು ವ್ಯತ್ಯಾಸ ಬರುವುದಿಲ್ಲ. 2030ರ ಹೊತ್ತಿಗೆ ಇದನ್ನು ಒಂದಂಕಿಗೆ ಇಳಿಸಬೇಕೆಂದು 2014ರ ನವಜಾತ ಶಿಶು ಕ್ರಿಯಾ ಯೋಜನೆಯಲ್ಲಿ ಗುರಿ ಇಟ್ಟಿದ್ದೇವೆ. ಮೊದಲನೆಯ ಲೆಕ್ಕ ನಂಬುವುದಾದರೆ ಗುರಿ ಎಂದೋ ಮುಟ್ಟಿಯಾಗಿದೆ, ಮನೆಗೆ ಹೋಗಬಹುದು.

ಸಂಶೋಧಕರ ವೃತ್ತಿಯ ಮಾತಿಗೆ ಬಂದರೆ, ಇದು ನಿಧಾನದ ಕೆಲಸ. ಆಸ್ಪತ್ರೆಯ ಎಥಿಕ್ಸ್ ಕಮಿಟಿ, ಜಿಲ್ಲಾ ಆರೋಗ್ಯಾಧಿಕಾರಿ, ವಿಶ್ವವಿದ್ಯಾಲಯ ಹೀಗೆ ಮೂರು ಕಡೆ ಅನುಮತಿ ಬೇಕಾಗುತ್ತದೆ. ಒಂದು ಗಂಟೆಯ ಧ್ವನಿಮುದ್ರಣವನ್ನು ಆಡುಮಾತು ಕೆಡದಂತೆ ಬರಹಕ್ಕೆ ಇಳಿಸಲು ಐದಾರು ಗಂಟೆ ಹಿಡಿಯುತ್ತದೆ. ಪಿಎಚ್.ಡಿ.ಗೆ ಯುಜಿಸಿ ಕನಿಷ್ಠ 3, ಗರಿಷ್ಠ 6 ವರ್ಷ ಎನ್ನುತ್ತದೆ. ಮೂರರಲ್ಲಿ ಮುಗಿಸಿ ಎಂದು ಮಾರ್ಗದರ್ಶಕರು ಅವಸರಪಡಿಸಿದರೆ ಮೂವತ್ತು ಅಳುವ ಸಂದರ್ಶನಗಳು ಸಿಗಬಹುದು, ಅವು ಯಾರನ್ನು ಪ್ರತಿನಿಧಿಸುತ್ತವೆ ಎಂಬುದು ಸಿಗದು.

ವಿಶ್ವವಿದ್ಯಾಲಯಗಳಲ್ಲಿ ನಮ್ಮ ಕೋರಿಕೆ ಮೂರೇ. ಈ ವಿಷಯದ ವಿದ್ಯಾರ್ಥಿಗೆ ಸಮಾಜಶಾಸ್ತ್ರದ ಮಾರ್ಗದರ್ಶಕರ ಜೊತೆಗೆ ಪ್ರಸೂತಿ ವಿಭಾಗದಿಂದ ಒಬ್ಬ ಸಹ ಮಾರ್ಗದರ್ಶಕರನ್ನು ಕೊಡಲಿ. ಕ್ಷೇತ್ರಕಾರ್ಯಕ್ಕೆ ಮುಂಚೆ ಕೋರ್ಸ್‌ವರ್ಕಿನಲ್ಲೇ ಎರಡು ವಾರ ನೋಂದಣಿ ಕಚೇರಿಯಲ್ಲಿ ಕೂರಿಸಿ ನಮೂನೆ 3ರ ಕಾಲಮ್ಮುಗಳನ್ನು, ಅದರಲ್ಲೂ ಖಾಲಿ ಬಿಟ್ಟ 'ಸಾವಿನ ಕಾರಣ' ಎಂಬುದನ್ನು, ಓದಿಸಲಿ. ಸಂದರ್ಶನದ ಒಪ್ಪಿಗೆ ಪತ್ರದಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅನ್ನು ದಪ್ಪಕ್ಷರದಲ್ಲಿ ಹಾಕುವುದನ್ನು ಮರೆಯದಿರಲಿ. ಸಂದರ್ಶಕರಿಗೂ ಅದು ಬೇಕಾದೀತು.

ಇತಿ,
ಆರೋಗ್ಯ ಸಮಾಜಶಾಸ್ತ್ರದ ಅಧ್ಯಾಪಕರು, ಧಾರವಾಡ