ಗುಡ್ಡದ ಮೇಲಿನ ಕ್ಯಾಂಪಸ್ಸು, ಬುಡದ ಬಾವಿಗಳು

ಮಾನ್ಯ ಸಂಪಾದಕರೇ,

ಜೂನ್ 5ರ ವಿಶ್ವ ಪರಿಸರ ದಿನ ಕಳೆದ ಮರುದಿನ ಕರಾವಳಿ ಆವೃತ್ತಿಗಳ ಒಳಪುಟಗಳಲ್ಲಿ ಕಾಲೇಜುಗಳ ಸಸಿ ನೆಡುವ ಚಿತ್ರಗಳು ಸಾಲಾಗಿ ಪ್ರಕಟವಾಗುತ್ತವೆ. ಆ ಕೆಲಸವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಜಿಲ್ಲೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನಾನೂ ಅಂಥ ಚಿತ್ರಗಳಲ್ಲಿ ಕೊಡೆ ಹಿಡಿದು ನಿಂತವನೇ. ಆದರೆ ಒಂದು ಕ್ಯಾಂಪಸ್ಸು ಪರಿಸರಸ್ನೇಹಿ ಹೌದೋ ಅಲ್ಲವೋ ಎಂಬುದನ್ನು ನಾವು ತಪ್ಪು ಜಾಗದಲ್ಲಿ ನಿಂತು ಅಳೆಯುತ್ತಿದ್ದೇವೆ ಎಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಆವರಣದ ಒಳಗೆ ಎಷ್ಟು ಹಸಿರಿದೆ ಎಂದು ಎಣಿಸುವ ಬದಲು, ಗೇಟಿನಿಂದ ಒಳಗೆ ಏನೇನು ಬರುತ್ತದೆ, ಇಳಿಜಾರಿನಲ್ಲಿ ಕೆಳಗೆ ಏನೇನು ಹೋಗುತ್ತದೆ ಎಂದು ನೋಡಬೇಕಾಗಿದೆ.

ಇಳಿಜಾರು ಎಂದದ್ದಕ್ಕೆ ಕಾರಣವಿದೆ. ದಕ್ಷಿಣ ಕನ್ನಡ, ಉಡುಪಿ ಈ ನಮ್ಮ ಎರಡೂ ಜಿಲ್ಲೆಗಳ ದೊಡ್ಡ ವಿದ್ಯಾಸಂಸ್ಥೆಗಳಲ್ಲಿ ಅನೇಕವು ಗುಡ್ಡದ ಮೇಲಿವೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜು ತೆರೆದಾಗ ಮಣಿಪಾಲ ಬೋಳುಗುಡ್ಡವಾಗಿತ್ತು. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯವೂ ಕೊಣಾಜೆಯ ಎತ್ತರದಲ್ಲಿದೆ. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಂತೆ ಕಡಲದಂಡೆಯಲ್ಲಿ ನೆಲೆ ಕಂಡದ್ದು ಅಪರೂಪ. ಬಯಲಿನಲ್ಲಿ ಗದ್ದೆ, ಬೈಲಿನಂಚಿನಲ್ಲಿ ಅಡಿಕೆ ತೋಟ ಇದ್ದುದರಿಂದ ಕಟ್ಟಡಕ್ಕೆ ಉಳಿದದ್ದು ಮುರಕಲ್ಲಿನ (ಲ್ಯಾಟರೈಟ್) ಗುಡ್ಡವೇ. ಹಾಗಾಗಿ ಇಲ್ಲಿನ ಕ್ಯಾಂಪಸ್ಸು ಏನು ಮಾಡಿದರೂ ಅದರ ಫಲ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಬುಡದಲ್ಲಿರುವ ಮನೆ, ಬಾವಿ, ತೋಟಗಳಿಗೆ ಇಳಿದೇ ಇಳಿಯುತ್ತದೆ.

ಮೊದಲು ನೀರಿನ ವಿಷಯ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಇಷ್ಟಾದರೂ 2019 ಮತ್ತು 2023ರ ಬೇಸಿಗೆಯಲ್ಲಿ ತುಂಬೆ ಕಿಂಡಿ ಅಣೆಕಟ್ಟಿನ ನೀರು ತಳ ಕಂಡು ಮಂಗಳೂರು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆ ದಿನಗಳಲ್ಲಿ ಹಾಸ್ಟೆಲುಗಳ ಮುಂದೆ ಟ್ಯಾಂಕರುಗಳು ಸಾಲುಗಟ್ಟಿ ನಿಂತದ್ದನ್ನು ಊರೆಲ್ಲ ನೋಡಿದೆ. ಆ ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದವರು ಕಡಿಮೆ. ಬಹಳ ಸಲ ಅದು ಪಕ್ಕದ ಹಳ್ಳಿಯ ಯಾರದೋ ಬಾವಿಯಿಂದ, ಬೋರ್‌ವೆಲ್ಲಿನಿಂದ ಎತ್ತಿದ ನೀರು.

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಮೀಟರಿನ ಒಂದೇ ಒಂದು ಬ್ಲಾಕಿನ ಮೇಲೆ ವರ್ಷಕ್ಕೆ 35 ಲಕ್ಷ ಲೀಟರ್ ಬೀಳುತ್ತದೆ, ಅಂದರೆ 12,000 ಲೀಟರಿನ ಸುಮಾರು 290 ಟ್ಯಾಂಕರ್. ಈ ಅಂಕಿಯನ್ನು ಹೇಳಿದ ಕೂಡಲೇ ಆಡಳಿತ ಮಂಡಳಿಗಳು ದೊಡ್ಡ ಟ್ಯಾಂಕು ಕಟ್ಟಿಸುವ ಮಾತಾಡುತ್ತವೆ. ಆದರೆ ಹಾಸ್ಟೆಲಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಅಳತೆ ಹಿಡಿದರೆ, ಸಾವಿರ ವಿದ್ಯಾರ್ಥಿಗಳಿಗೆ ಆ ಅಷ್ಟೂ ನೀರು 26 ದಿನಕ್ಕೆ ಮುಗಿಯುತ್ತದೆ, ಮತ್ತು ಅದನ್ನು ಮಳೆಗಾಲದಿಂದ ಏಪ್ರಿಲ್‌ವರೆಗೆ ಹಿಡಿದಿಡಬಲ್ಲ ತೊಟ್ಟಿಯ ಖರ್ಚು ಯಾವ ಕಾಲೇಜಿಗೂ ಎಟುಕುವುದಿಲ್ಲ. ನೀರನ್ನು ನೆಲಕ್ಕೇ ಕೊಡಬೇಕು. ಮುರಕಲ್ಲು ನೀರನ್ನು ಬೇಗ ಕುಡಿಯುತ್ತದೆ, ಬೇಗನೆ ಬಿಟ್ಟೂ ಬಿಡುತ್ತದೆ. ಗುಡ್ಡದಲ್ಲಿ ಇಂಗಿದ್ದು ಒಸರಾಗಿ ಬೈಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಿಂದಿನವರು ಗುಡ್ಡದ ನೆತ್ತಿಯಲ್ಲಿ ಮದಕ (ಮಳೆನೀರಿನ ಕೆರೆ) ತೋಡಿದ್ದು, ಮಳೆ ನಿಂತ ಮೇಲೆ ತೋಡುಗಳಿಗೆ (ಸಣ್ಣ ಹಳ್ಳಗಳಿಗೆ) ಕಲ್ಲು-ಮಣ್ಣಿನ ಕಟ್ಟ ಹಾಕಿದ್ದು ಈ ಓಟವನ್ನು ನಿಧಾನಗೊಳಿಸುವುದಕ್ಕೇ. ಕ್ಯಾಂಪಸ್ಸು ಇಂಗಿಸಿದ ನೀರಿನ ಲಾಭದಲ್ಲಿ ದೊಡ್ಡ ಪಾಲು ಕೆಳಗಿನವರಿಗೆ ಹೋಗುತ್ತದೆ ಎಂಬುದೂ ನಿಜ. ಬಹುಶಃ ಅದಕ್ಕೇ ಆಡಳಿತಗಳಿಗೆ ಇದರಲ್ಲಿ ಉತ್ಸಾಹ ಕಡಿಮೆ. ಆದರೆ ಟ್ಯಾಂಕರಿನಲ್ಲಿ ಮೇಲೆ ಬರುವುದು ಅದೇ ಕೆಳಗಿನವರ ನೀರು ಎಂಬುದನ್ನು ಅವರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಇಂಗುಗುಂಡಿ ಎಂದ ಕೂಡಲೇ ಸಿಕ್ಕಿದಲ್ಲಿ ತೋಡುವುದೂ ಸರಿಯಲ್ಲ. ಮುರಕಲ್ಲಿನ ಅಡಿಯಲ್ಲಿ ಅನೇಕ ಕಡೆ ಶೇಡಿ ಮಣ್ಣಿನ ಪದರವಿದೆ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಈ ಮಣ್ಣು ನೀರು ತುಂಬಿಕೊಂಡರೆ ಹಿಡಿತ ಕಳೆದುಕೊಂಡು ಜಾರುತ್ತದೆ. ಆಟದ ಮೈದಾನಕ್ಕೆಂದೋ ಪಾರ್ಕಿಂಗಿಗೆಂದೋ ಗುಡ್ಡವನ್ನು ನೆಟ್ಟಗೆ ಕಡಿದು, ಕಡಿದ ಅಂಚಿನ ಮೇಲ್ಗಡೆಯೇ ಇಂಗುಗುಂಡಿ ತೋಡಿದರೆ ಜಲಸಂರಕ್ಷಣೆಯ ಹೆಸರಿನಲ್ಲಿ ಗುಡ್ಡಕುಸಿತವನ್ನು ಆಹ್ವಾನಿಸಿದಂತೆ. ಎಲ್ಲಿ ಇಂಗಿಸಬೇಕು, ಎಲ್ಲಿ ಚರಂಡಿ ಮಾಡಿ ಸುರಕ್ಷಿತವಾಗಿ ಹರಿಯಬಿಡಬೇಕು ಎಂದು ಹೇಳಬಲ್ಲ ಸಿವಿಲ್ ಎಂಜಿನಿಯರಿಂಗ್ ಮತ್ತು ಭೂವಿಜ್ಞಾನದ ಅಧ್ಯಾಪಕರು ನಮ್ಮ ಸಂಸ್ಥೆಗಳಲ್ಲೇ ಸಂಬಳ ಪಡೆಯುತ್ತಿದ್ದಾರೆ. ಅವರ ಜ್ಞಾನ ಪ್ರಬಂಧಗಳಾಗಿ ಹೊರದೇಶದ ನಿಯತಕಾಲಿಕಗಳಿಗೆ ಹೋಗುತ್ತದೆ. ಆವರಣದ ಕಾಮಗಾರಿ ಮಾತ್ರ ಗುತ್ತಿಗೆದಾರರ ಅಂದಾಜಿನಲ್ಲಿ ನಡೆಯುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಅಡಿಯಲ್ಲಿ ಸಿಮೆಂಟಿನ ಹಾಸು ಹಾಕಿ, ಮಳೆನೀರು ಒಂದು ಹನಿಯೂ ಇಂಗದಂತೆ ಮಾಡಿದ ಮೇಲೆ ಮೂಲೆಯಲ್ಲಿ ಒಂದು ಇಂಗುಗುಂಡಿ ತೋಡಿ ಫಲಕ ನೆಡುವುದನ್ನೂ ನೋಡಿದ್ದೇನೆ.

ಸಸಿ ನೆಡುವ ವಿಷಯದಲ್ಲೂ ಒಂದು ಮಾತಿದೆ. ಮುರಕಲ್ಲಿನ ಪಾರೆ, ಅಂದರೆ ಹಾಸುಬಂಡೆ, ಬೇಸಿಗೆಯಲ್ಲಿ ಬರಡು ನೆಲದಂತೆ ಕಾಣುತ್ತದೆ, ಅದಕ್ಕೇ ಅದರ ಮೇಲೆ ಕೆಮ್ಮಣ್ಣು ಸುರಿದು ಲಾನ್ ಮಾಡುವುದೋ ಅಕೇಶಿಯಾ ಬೆಳೆಸುವುದೋ ಸುಧಾರಣೆ ಎಂದು ನಮಗೆ ತೋರುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದೇ ಪಾರೆಯ ಮೇಲೆ ಬಗ್ಗಿ ನೋಡಿದರೆ, ಬೆರಳಗಲದ ತಗ್ಗುಗಳಲ್ಲಿ ನಿಂತ ನೀರಿನ ಸುತ್ತ ಯುಟ್ರಿಕ್ಯುಲೇರಿಯಾದ ನೀಲಿ ಹೂ, ಎರಿಯೋಕಾಲಾನ್‌ನ ಬಿಳಿ ಗುಂಡುತಲೆ, ಅಂಟುಹನಿಗಳಿಂದ ಕೀಟ ಹಿಡಿಯುವ ಡ್ರೊಸೆರಾದ ಕೆಂಪು ಎಲೆ ಕಾಣುತ್ತವೆ. ಸಾರಜನಕ ತೀರಾ ಕಡಿಮೆಯಿರುವ ಆ ತೆಳು ಮಣ್ಣಿಗೆಂದೇ ಒಗ್ಗಿಕೊಂಡ ಗಿಡಗಳಿವು. ಸೆಪ್ಟೆಂಬರ್ ಕಳೆದರೆ ಒಣಗಿ ಬೀಜವಾಗುತ್ತವೆ. ಸಸ್ಯಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೇಕಿಲ್ಲ. ಆದರೂ ಲಾನ್ ಮಾಡಿ, ಅದಕ್ಕೆ ಬೇಸಿಗೆಯಿಡೀ ಸ್ಪ್ರಿಂಕ್ಲರ್ ಬಿಟ್ಟು, ಹಸಿರು ಕ್ಯಾಂಪಸ್ಸು ಎಂದು ಕರೆದುಕೊಳ್ಳುತ್ತೇವೆ. ಪ್ರತಿ ಕ್ಯಾಂಪಸ್ಸಿನಲ್ಲೂ ಒಂದಿಷ್ಟು ಪಾರೆಯನ್ನು ಏನೂ ಮಾಡದೆ ಹಾಗೆಯೇ ಬಿಡುವುದಕ್ಕೆ ಖರ್ಚಾದರೂ ಏನಿದೆ?

ನೀರು ಇಳಿಯುವ ದಾರಿಯಲ್ಲೇ ಇನ್ನೊಂದು ವಸ್ತುವೂ ಇಳಿಯುತ್ತದೆ, ಅದು ನನ್ನ ವಿಷಯಕ್ಕೆ ಸೇರಿದ್ದು. ಪದವಿ ತರಗತಿಗಳಲ್ಲಿ ಕಬ್ಬಿಣದ ಪ್ರಮಾಣ ಕಂಡುಹಿಡಿಯಲು ಕ್ರೋಮಿಯಂ ಇರುವ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುತ್ತೇವೆ. ಫ್ಲಾಸ್ಕಿನೊಳಗೆ ನಡೆಯುವ ಕ್ರಿಯೆಯಲ್ಲಿ ಅಪಾಯಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿದು ದ್ರಾವಣ ಹಸಿರಾಗುತ್ತದೆ, ಅದು ಅಷ್ಟೇನೂ ಭಯಪಡುವಂಥದ್ದಲ್ಲ. ಆದರೆ ಪ್ರಯೋಗ ಮುಗಿದ ಮೇಲೆ ಬ್ಯುರೆಟ್ಟಿನಲ್ಲಿ (ಅಳತೆಯ ಗಾಜಿನ ಕೊಳವೆಯಲ್ಲಿ) ಉಳಿದ, ಇನ್ನೂ ಆರು ವೇಲೆನ್ಸಿಯಲ್ಲೇ ಇರುವ ಕಿತ್ತಳೆ ಬಣ್ಣದ ದ್ರಾವಣ ಹಾಗೆಯೇ ಸಿಂಕಿಗೆ ಹೋಗುತ್ತದೆ. ಲವಣ ವಿಶ್ಲೇಷಣೆಯ ದಿನ ಸೀಸ, ಬೇರಿಯಂ, ತಾಮ್ರ, ನಿಕ್ಕೆಲ್ ಎಲ್ಲವೂ ಅದೇ ದಾರಿ ಹಿಡಿಯುತ್ತವೆ. ಅನೇಕ ಕಡೆ ಆ ಸಿಂಕಿನ ಕೊಳವೆ ಕಟ್ಟಡದ ಹಿಂದಿನ ಸೋಕ್‌ಪಿಟ್ಟಿನಲ್ಲಿ (ಕೊಳಚೆ ನೀರು ಇಂಗುವ ಗುಂಡಿಯಲ್ಲಿ) ಕೊನೆಯಾಗುತ್ತದೆ, ಸೋಕ್‌ಪಿಟ್ಟಿನ ಆಚೆ ಇರುವುದು ನೀರನ್ನು ಸಲೀಸಾಗಿ ಹಾಯಬಿಡುವ ಮುರಕಲ್ಲು.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. 50 ಮಿಲಿಲೀಟರಿನ ಬ್ಯುರೆಟ್ಟಿನ ಬದಲು 10 ಮಿಲಿಲೀಟರಿನದನ್ನು ಕೊಟ್ಟರೆ ರಾಸಾಯನಿಕದ ಖರ್ಚೂ ತ್ಯಾಜ್ಯವೂ ಐದನೇ ಒಂದಕ್ಕೆ ಇಳಿಯುತ್ತದೆ; ವಿದ್ಯಾರ್ಥಿ ಕಲಿಯುವುದರಲ್ಲಿ ಕೊರತೆಯಾಗುವುದಿಲ್ಲ, ಕೈ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಉಳಿದ ಡೈಕ್ರೋಮೇಟನ್ನು ಒಂದು ಕ್ಯಾನಿನಲ್ಲಿ ಕೂಡಿಟ್ಟು, ಆಮ್ಲೀಯ ಸ್ಥಿತಿಯಲ್ಲಿ ಫೆರಸ್ ಸಲ್ಫೇಟ್ ಹಾಕಿ, ಬಣ್ಣ ತಿರುಗಿದ ಮೇಲೆ ಸುಣ್ಣದ ನೀರು ಬೆರೆಸಿದರೆ ಕ್ರೋಮಿಯಂ ತಳದಲ್ಲಿ ಗಷ್ಟಾಗಿ ನಿಲ್ಲುತ್ತದೆ. ಅದನ್ನು ಒಣಗಿಸಿ ಅಧಿಕೃತ ಅಪಾಯಕಾರಿ ತ್ಯಾಜ್ಯ ನಿರ್ವಾಹಕರಿಗೆ ಕೊಡಬಹುದು. ಈ ಕೆಲಸವನ್ನೇ ಒಂದು ಪ್ರಯೋಗವಾಗಿ ಪಠ್ಯಕ್ಕೆ ಸೇರಿಸಲು ಪಠ್ಯ ರೂಪಿಸುವ ಅಧ್ಯಯನ ಮಂಡಳಿಯ ಒಂದು ಸಭೆ ಸಾಕು.

ಕಸದ ವಿಷಯ ಎಲ್ಲರಿಗೂ ಗೊತ್ತಿರುವಂಥದ್ದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ತ್ಯಾಜ್ಯ ಉಂಟುಮಾಡುವ ವಿದ್ಯಾಸಂಸ್ಥೆಗಳನ್ನೂ ಬೃಹತ್ ತ್ಯಾಜ್ಯ ಉತ್ಪಾದಕರ ಪಟ್ಟಿಗೆ ಸೇರಿಸಿ, ಹಸಿಕಸವನ್ನು ಸಾಧ್ಯವಾದಷ್ಟೂ ಆವರಣದೊಳಗೇ ವಿಲೇವಾರಿ ಮಾಡಬೇಕೆಂದು ಹೇಳಿದವು. ಹಾಗೆ ಮಾಡದೆ ಹೊರಗೆ ಕಳಿಸಿದ ಕಸ ಎಲ್ಲಿ ರಾಶಿ ಬೀಳುತ್ತದೆ ಎಂಬುದಕ್ಕೆ 2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹರಿದದ್ದೇ ಸಾಕ್ಷಿ. ಆ ರಾಶಿಯಲ್ಲಿ ನಗರದ ಹಾಸ್ಟೆಲುಗಳ ಅನ್ನವೂ ಇದ್ದೀತು. ಕ್ಯಾಂಟೀನುಗಳಲ್ಲಿ ಜೈವಿಕ ಅನಿಲ ಘಟಕ ಕಟ್ಟಿಸಿದವರಿದ್ದಾರೆ, ಸಂತೋಷ; ಆದರೆ ರಜೆಯಲ್ಲಿ ಅದಕ್ಕೆ ಆಹಾರ ಹಾಕುವವರಿಲ್ಲದೆ ಸೂಕ್ಷ್ಮಜೀವಿಗಳು ಸೊರಗಿ, ಕಾಲೇಜು ತೆರೆದಾಗ ಸಗಣಿ ಹಾಕಿ ಮೊದಲಿನಿಂದ ಶುರುಮಾಡುವ ತಾಳ್ಮೆ ಯಾರಿಗೂ ಇಲ್ಲದೆ ಘಟಕ ಮೂಲೆಗುಂಪಾಗುತ್ತದೆ. ಉಸ್ತುವಾರಿಗೆ ಒಬ್ಬ ಮನುಷ್ಯನನ್ನು ನೇಮಿಸದೆ ಯಂತ್ರವನ್ನಷ್ಟೇ ಉದ್ಘಾಟಿಸುವ ಚಾಳಿ ಇದು. ಫೆಸ್ಟುಗಳಲ್ಲಿ ಅಡಿಕೆ ಹಾಳೆಯ ತಟ್ಟೆ ಬಂದಿರುವುದು ಒಳ್ಳೆಯ ಬದಲಾವಣೆ, ಆ ತಟ್ಟೆಗಳ ಕಟ್ಟನ್ನು ಸುತ್ತಿಬರುವ ಪ್ಲಾಸ್ಟಿಕ್ಕನ್ನೂ ಯಾರಾದರೂ ಗಮನಿಸಲಿ.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾರಸಿಯ ಸೌರಫಲಕ ಈಗ ಹಣ ಉಳಿಸುವ ಬಾಬತ್ತಾದ್ದರಿಂದ ಯಾರೂ ಒತ್ತಾಯಿಸದೆಯೂ ಬರುತ್ತಿದೆ. ಆದರೆ ಮಳೆಗಾಲದ ಮೋಡದಲ್ಲಿ ಅದರ ಉತ್ಪಾದನೆ ಕುಗ್ಗುವ ನಮ್ಮ ಕರಾವಳಿಯಲ್ಲಿ, ಹಗಲು ಹೊತ್ತು ಎಲ್ಲ ಕಿಟಕಿ ಮುಚ್ಚಿ ಎ.ಸಿ. ಹಾಕುವ ಕಟ್ಟಡಗಳನ್ನು ಕಟ್ಟುವುದನ್ನು ಬಿಟ್ಟರೆ ಅದಕ್ಕಿಂತ ಹೆಚ್ಚಿನ ಉಳಿತಾಯವಾದೀತು.

ಇಷ್ಟೆಲ್ಲ ಇರುವಾಗ ದಾಖಲೆಗಳು ಏನು ಕೇಳುತ್ತವೆ? ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ ನ್ಯಾಕ್‌ನ ಸಾವಿರ ಅಂಕಗಳ ಮೌಲ್ಯಮಾಪನ ಪದ್ಧತಿಯಲ್ಲಿ ನೂರು ಅಂಕದ ಏಳನೆಯ ಮಾನದಂಡದೊಳಗೆ ಪರಿಸರಕ್ಕೆ ಒಂದು ಪಾಲು ಸಿಕ್ಕಿತ್ತು. ಮಳೆನೀರು ಕೊಯ್ಲು ಇದೆಯೇ, ಹಸಿರು ಲೆಕ್ಕಪರಿಶೋಧನೆ ಆಗಿದೆಯೇ ಎಂಬ ಪ್ರಶ್ನೆಗಳಿಗೆ ಜಿಯೋಟ್ಯಾಗ್ ಮಾಡಿದ (ತೆಗೆದ ಸ್ಥಳದ ಗುರುತಿರುವ) ಫೋಟೊ ಅಂಟಿಸಿ ಉತ್ತರಿಸುತ್ತಾ ಬಂದಿದ್ದೇವೆ. ಗುಂಡಿ ಇದೆ ಎಂಬುದನ್ನು ಫೋಟೊ ಹೇಳುತ್ತದೆ. ಅದರಲ್ಲಿ ಒಣ ಎಲೆ ತುಂಬಿ ನೀರು ಇಂಗುವುದು ನಿಂತಿದೆ ಎಂಬುದನ್ನು ಹೇಳುವುದಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) ‘ಸತತ್’ ಎಂಬ ಹೆಸರಿನಲ್ಲಿ ಪರಿಸರಸ್ನೇಹಿ ಕ್ಯಾಂಪಸ್ಸಿನ ಚೌಕಟ್ಟನ್ನು ಹೊರತಂದಿತು. ಅದು ಅನೇಕ ಕಾಲೇಜುಗಳ ಕಪಾಟಿನಲ್ಲಿ ಕ್ಷೇಮವಾಗಿದೆ.

ಆದ್ದರಿಂದ ಕಾಲೇಜುಗಳಿಗೆ ನನ್ನ ಕೋರಿಕೆ ಎರಡೇ. ಮೊದಲನೆಯದು, ಪ್ರತಿ ಕಾಲೇಜು ತನ್ನ ಗೇಟಿನ ಪಕ್ಕದ ಸೂಚನಾ ಫಲಕದಲ್ಲಿ ತಿಂಗಳಿಗೊಮ್ಮೆ ಕೆಲವು ಅಂಕಿಗಳನ್ನು ಬರೆಯಲಿ: ಸ್ವಂತ ಬಾವಿಯಿಂದ, ಪಾಲಿಕೆ ಅಥವಾ ಪಂಚಾಯಿತಿಯಿಂದ, ಟ್ಯಾಂಕರಿನಿಂದ ಬಂದ ನೀರು ಎಷ್ಟು, ಉರಿಸಿದ ವಿದ್ಯುತ್ ಎಷ್ಟು ಯೂನಿಟ್, ಹೊರಗೆ ಕಳಿಸಿದ ಕಸ ಎಷ್ಟು ಕಿಲೋ. ಈ ಅಂಕಿಗಳೆಲ್ಲ ಕಚೇರಿಯ ಬಿಲ್ಲುಗಳಲ್ಲಿ ಈಗಾಗಲೇ ಇರುವಂಥವು, ಕಸದ್ದೊಂದಕ್ಕೆ ತಕ್ಕಡಿ ಬೇಕಾದೀತು.

ಎರಡನೆಯದು, ಸುಪ್ರೀಂ ಕೋರ್ಟಿನ 1991ರ ತೀರ್ಪಿನ ಫಲವಾಗಿ ಪದವಿ ತರಗತಿಗಳಿಗೆ ಕಡ್ಡಾಯವಾಗಿ ಬಂದ ಪರಿಸರ ಅಧ್ಯಯನದ ಯೋಜನಾ ವರದಿಗಾಗಿ ಅಂತರ್ಜಾಲದಿಂದ ಓಝೋನ್ ಪದರದ ಬಗ್ಗೆ ನಕಲು ತೆಗೆಯುವುದನ್ನು ಬಿಟ್ಟು, ವಿದ್ಯಾರ್ಥಿಗಳು ತಮ್ಮ ಗುಡ್ಡದ ಬುಡದ ಬಾವಿಗಳ ನೀರಿನ ಮಟ್ಟವನ್ನು ದೀಪಾವಳಿ, ಶಿವರಾತ್ರಿ ಮತ್ತು ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಅಳೆದು ಬರೆದಿಡಲಿ. ಕಲ್ಲು ಕಟ್ಟಿದ ಟೇಪು, ಒಂದು ನೋಟ್‌ಬುಕ್, ಮನೆಯವರ ಅನುಮತಿ ಇಷ್ಟು ಸಾಕು. ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಡಲಿ. ನಾಲ್ಕಾರು ವರ್ಷ ಇದು ನಡೆದರೆ ಯಾವ ಕ್ಯಾಂಪಸ್ಸಿನ ಇಂಗುಗುಂಡಿ ಕೆಲಸ ಮಾಡುತ್ತಿದೆ, ಯಾವುದರ ಬೋರ್‌ವೆಲ್ ಕೆಳಗಿನ ಬಾವಿಗಳನ್ನು ಬತ್ತಿಸುತ್ತಿದೆ ಎಂದು ವಾದವಿಲ್ಲದೆ ತಿಳಿಯುತ್ತದೆ.

ವಿಶ್ವವಿದ್ಯಾನಿಲಯದೊಂದಿಗಿನ ಸಂಯೋಜನೆಯ (ಅಫಿಲಿಯೇಶನ್) ನವೀಕರಣಕ್ಕೆಂದು ಕಾಲೇಜುಗಳಿಗೆ ಭೇಟಿ ಕೊಡುವ ಸ್ಥಳೀಯ ವಿಚಾರಣಾ ಸಮಿತಿಗಳು ಗ್ರಂಥಾಲಯದ ಪುಸ್ತಕಗಳನ್ನು ಎಣಿಸುವಾಗ, ಜೊತೆಗೆ ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ಲನ್ನೂ ಬಾವಿಗಳ ನೋಟ್‌ಬುಕ್ಕನ್ನೂ ಕೇಳಿ ನೋಡುವಂತೆ ವಿಶ್ವವಿದ್ಯಾನಿಲಯವು ತನ್ನ ನಮೂನೆಯಲ್ಲಿ ಎರಡು ಸಾಲು ಸೇರಿಸಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

ಇತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮಂಗಳೂರು