ಸೋಮವಾರದ ಒಂದು ಪಾವು ಅಕ್ಕಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಊಟದ ಗಂಟೆ ಹೊಡೆದಿತ್ತು, ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು, ಫೋನ್ ಇಟ್ಟುಬಿಟ್ಟೆ. "ಈಗ ಹಾಲು, ಮೊಟ್ಟೆ ಎಲ್ಲ ಕೊಡ್ತಾರಲ್ಲ, ಇನ್ನೇನು ತೊಂದರೆ ನಿಮ್ಮ ಬಿಸಿಯೂಟಕ್ಕೆ?" ಅಂದೆ ನೀನು. ಮಗನ ಹುಟ್ಟುಹಬ್ಬಕ್ಕೆ ನಮ್ಮ ಮಕ್ಕಳಿಗೆಲ್ಲ ಹೋಳಿಗೆ ಊಟ ಹಾಕಿಸ್ತೀನಿ ಅಂತಲೂ ಅಂದೆ. ಎರಡಕ್ಕೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಅಡುಗೆಯಕ್ಕ ಪ್ರತಿ ಸೋಮವಾರ ಒಂದು ಪಾವು ಅಕ್ಕಿ ಜಾಸ್ತಿ ಅಳೆಯುತ್ತಾರೆ. ಈ ಶಾಲೆಗೆ ಬಂದ ಹೊಸದರಲ್ಲಿ ನೋಡಿ, ಯಾಕಕ್ಕ ಅಂತ ಕೇಳಿದ್ದೆ. "ನಿನ್ನೆ ಭಾನುವಾರ ಅಲ್ವಾ ಸಾರ್" ಅಂದರು. ಅಷ್ಟೇ ಹೇಳಿದ್ದು. ಮಧ್ಯಾಹ್ನ ನಾನೇ ಬಡಿಸಲು ನಿಂತಾಗ ಗೊತ್ತಾಯಿತು. ಬೇರೆ ದಿನ ಎರಡನೇ ಸಲ ಅನ್ನಕ್ಕೆ ಐದಾರು ಮಕ್ಕಳು ಬರುತ್ತಾರೆ. ಸೋಮವಾರ ಸಾಲು ಬಾಗಿಲು ದಾಟಿ ಹೋಗುತ್ತದೆ. ಸಾರು ಎಂಥದ್ದು ಅಂತಲೂ ಕೇಳುವುದಿಲ್ಲ, ಬರೀ ತಟ್ಟೆ ಒಡ್ಡುತ್ತಾರೆ.

ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಮಾತ್ರ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 6ರಿಂದ 8ರವರೆಗೆ 150 ಗ್ರಾಂ. ಸೋಮವಾರಕ್ಕೂ ಅದೇ, ಗುರುವಾರಕ್ಕೂ ಅದೇ. ಒಂದನೇ ತರಗತಿಯ ಪುಟ್ಟ ಮಕ್ಕಳಿಗೆ ಅಷ್ಟು ಹಿಡಿಸುವುದಿಲ್ಲ. ಅದರಲ್ಲಿ ದಿನಾ ಒಂದೊಂದು ಹಿಡಿ ಉಳಿಸಿ ಅಕ್ಕ ಸೋಮವಾರಕ್ಕೆ ಎತ್ತಿಡುತ್ತಾರೆ. ಯಾವ ಸುತ್ತೋಲೆಯಲ್ಲೂ ಇಲ್ಲದ ಈ ಲೆಕ್ಕ ಅವರ ತಲೆಯಲ್ಲಿದೆ.

ನಾವು ಓದುವಾಗ ಶಾಲೆಯಲ್ಲಿ ಊಟ ಎಲ್ಲಿತ್ತು? ತಿಂಗಳಿಗೆ 3 ಕೆಜಿ ಅಕ್ಕಿ ಕೊಡುತ್ತಿದ್ದರು, ಅದೂ ಹಾಜರಿ ಸರಿಯಾಗಿದ್ದರೆ. ಮಧ್ಯಾಹ್ನ ನೀನು "ಮನೆಗೆ ಹೋಗಿ ಉಂಡು ಬರ್ತೀನಿ" ಅಂತ ಹೇಳಿ ಕೆರೆ ಏರಿ ಮೇಲಿನ ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದೆ. ಒಂದು ದಿನ ನಾನು ಹಿಂದೆಯೇ ಬಂದು ನೋಡಿಬಿಟ್ಟೆ. ಅದರ ಬಗ್ಗೆ ನಾವಿಬ್ಬರೂ ಇವತ್ತಿನವರೆಗೂ ಮಾತಾಡಿಲ್ಲ. ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಕಣೋ. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರ್‌ನಲ್ಲಿ. ಮರುವರ್ಷ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಅಷ್ಟರಲ್ಲಿ ನಾವು ಪ್ರೈಮರಿ ದಾಟಿಯಾಗಿತ್ತು. ಹಾಗಾಗಿ ಈ ಯೋಜನೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನು ಹೇಳುವ ತೊಂದರೆಗಳೆಲ್ಲ ಇದು ಚೆನ್ನಾಗಿ ನಡೆಯಲಿ ಅಂತಲೇ ಹೇಳುವುದು.

ದುಡ್ಡಿನ ವಿಷಯ ಕೇಳು. 2025ರ ಮೇ ತಿಂಗಳಿಂದ ಒಂದು ಊಟಕ್ಕೆ ಚಿಕ್ಕ ಮಗುವಿಗೆ 6 ರೂಪಾಯಿ 78 ಪೈಸೆ, 6ರಿಂದ 8ರ ಮಗುವಿಗೆ 10 ರೂಪಾಯಿ 17 ಪೈಸೆ. ಅಕ್ಕಿ ಬೇರೆ ಬರುತ್ತದೆ. ಬೇಳೆ, ಎಣ್ಣೆ, ತರಕಾರಿ, ಸಾಂಬಾರ್ ಪುಡಿ, ಗ್ಯಾಸ್ ಎಲ್ಲ ಇದರೊಳಗೇ. ನಮ್ಮಲ್ಲಿ ಚಿಕ್ಕವರು 40, ದೊಡ್ಡವರು 22. ಎಲ್ಲ ಸೇರಿಸಿದರೆ ದಿನಕ್ಕೆ 495 ರೂಪಾಯಿ. ನಿಯಮದ ಪ್ರಕಾರ ಚಿಕ್ಕವರಿಗೆ 50 ಗ್ರಾಂ, ದೊಡ್ಡವರಿಗೆ 75 ಗ್ರಾಂ ತರಕಾರಿ ಹಾಕಬೇಕು. ಅಂದರೆ ದಿನಾ ಮೂರೂವರೆ ಕೆಜಿಗಿಂತ ಜಾಸ್ತಿ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದಾಗ ನಾವು ಸಾರಿಗೆ ಹುಣಸೆಹಣ್ಣು ಹಾಕಿ ದಿನ ತಳ್ಳಿದೆವು. ಪಕ್ಕದ ಮನೆಯವರು ನುಗ್ಗೆ ಸೊಪ್ಪು ಕೊಟ್ಟರು.

ಮೊಟ್ಟೆಯದೂ ಇದೇ ಕಥೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾದದ್ದು ಆಮೇಲೆ ಇಡೀ ರಾಜ್ಯಕ್ಕೆ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿ ವಾರಕ್ಕೆ ಆರು ದಿನ ಆಯಿತು. ಇದರಿಂದ ಮಕ್ಕಳಿಗೆ ಎಷ್ಟು ಒಳ್ಳೆಯದಾಗಿದೆ ಅಂತ ನಾನು ಕಣ್ಣಾರೆ ನೋಡುತ್ತಿದ್ದೇನೆ. ಆದರೆ ಒಂದು ಮೊಟ್ಟೆಗೆ ಕೊಡುವುದು 6 ರೂಪಾಯಿ. ಬೇಯಿಸುವ ಖರ್ಚು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಆ ಆರರಲ್ಲೇ. ಚಳಿಗಾಲದಲ್ಲಿ ಅಂಗಡಿಯಲ್ಲೇ ಒಂದಕ್ಕೆ 7 ರೂಪಾಯಿ ಆದರೆ ಏನು ಮಾಡೋಣ? ಮಕ್ಕಳಿಗೆ ಇವತ್ತು ಅರ್ಧ ಮೊಟ್ಟೆ ಅಂತ ಹೇಳಲು ಆಗುತ್ತದಾ? ಕೈಯಿಂದ ಹಾಕುತ್ತೇವೆ. ದುಡ್ಡು ಬರುವುದು ತಡವಾದರೆ ಅಂಗಡಿಯಲ್ಲಿ ನನ್ನ ಹೆಸರಿನಲ್ಲಿ ಸಾಲ ಬರೆಸುತ್ತೇನೆ. ಮಗುವಿನ ಊಟ ಹಕ್ಕು ಅಂತ ಕಾನೂನು ಹೇಳುತ್ತದೆ. ಆ ಹಕ್ಕು ಅಂಗಡಿಯವನ ಸಾಲದ ಪುಸ್ತಕದ ಮೇಲೆ ನಿಂತಿರಬಾರದು ಅಲ್ವಾ?

ಇನ್ನು ಅಕ್ಕಿ. ಒಂದು ದಿನ ಅಡುಗೆಕೋಣೆಗೆ ಹೋದರೆ ಅಕ್ಕ ಮೊರ ತೊಡೆಯ ಮೇಲಿಟ್ಟುಕೊಂಡು ಬೆಳ್ಳಗಿನ ಕಾಳು ಹೆಕ್ಕಿ ಬಿಸಾಕುತ್ತಿದ್ದರು. "ಪ್ಲಾಸ್ಟಿಕ್ ಅಕ್ಕಿ ಸಾರ್, ನೀರಲ್ಲಿ ತೇಲ್ತದೆ." ಅದು ಸಾರವರ್ಧಿತ ಅಕ್ಕಿ. ಮಕ್ಕಳಲ್ಲಿ ರಕ್ತ ಕಡಿಮೆ ಇರುತ್ತದೆ ಅಂತ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಿದ್ದರು. ಸರ್ಕಾರ ದುಡ್ಡು ಹಾಕಿ ಸೇರಿಸಿದ ಆ ಒಂದನ್ನೇ ನಾವು ಆರಿಸಿ ಆಚೆ ಎಸೆಯುತ್ತಿದ್ದೆವು! ತಪ್ಪು ಅಕ್ಕನದಲ್ಲ. ಮೂಟೆ ಬಂತು, ಅದರೊಳಗೆ ಏನಿದೆ ಅಂತ ಯಾರೂ ಬಂದು ಅವರ ಜೊತೆ ಕೂತು ಹೇಳಲಿಲ್ಲ. ನಾನು ಆ ಕಾಳುಗಳನ್ನೇ ಬೇರೆ ಬೇಯಿಸಿಸಿ ಅವರೆದುರು ತಿಂದೆ. ಅವರೂ ತಿಂದರು. ಆಮೇಲೆ ಹೆಕ್ಕುವುದು ನಿಂತಿತು.

ಈ ಅಕ್ಕನ ವಿಷಯಕ್ಕೇ ಬರುತ್ತೇನೆ, ನನಗೆ ಜಾಸ್ತಿ ನೋಯುವುದು ಅಲ್ಲೇ. ಬೆಳಿಗ್ಗೆ ಬಂದು ಹಾಲಿನ ಪುಡಿ ಕಲಸಿ ಹಾಲು ಕಾಯಿಸುತ್ತಾರೆ. ಆಮೇಲೆ ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು. ಬಿಸಿ ಆರದ ಮೊಟ್ಟೆ ಸುಲಿದು ಸುಲಿದು ಅವರ ಹೆಬ್ಬೆರಳ ತುದಿ ಒಡೆದಿದೆ, ಅದಕ್ಕೆ ಬಟ್ಟೆ ಸುತ್ತಿಕೊಂಡೇ ಕೆಲಸ ಮಾಡುತ್ತಾರೆ. ಬಡಿಸಿ, ಪಾತ್ರೆ ತೊಳೆದು, ಕೋಣೆ ಗುಡಿಸಿ ಹೊರಡುವಾಗ ಮೂರು ಗಂಟೆ. ಇದಕ್ಕೆ ಕೇಂದ್ರದ ಲೆಕ್ಕದಲ್ಲಿ ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ 10 ತಿಂಗಳು. 2009ರಿಂದ ಆ ಸಾವಿರ ಸಾವಿರವಾಗಿಯೇ ಇದೆ. ರಾಜ್ಯ ತನ್ನ ಕಡೆಯಿಂದ ಸೇರಿಸಿ, 2025ರ ಬಜೆಟ್‌ನಲ್ಲಿ ಇನ್ನೊಂದು ಸಾವಿರ ಏರಿಸಿತು. ಆದರೂ ಐದು ಸಾವಿರ ಮುಟ್ಟಲಿಲ್ಲ. ಅದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಅರವತ್ತು ತುಂಬಿದರೆ ಮನೆಗೆ, ಪಿಂಚಣಿ ಇಲ್ಲ. ಇದೇ ಹೆಂಗಸರು ಬೆಂಗಳೂರಿಗೆ ಬಂದು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ನೀನು ಆಫೀಸಿಗೆ ಹೋಗುವ ದಾರಿಯಲ್ಲಿ ನೋಡಿರುತ್ತೀಯ. ಮುಂದಿನ ಸಲ ಒಂದು ನಿಮಿಷ ಗಾಡಿ ನಿಲ್ಲಿಸಿ ಮಾತಾಡಿಸು.

2013ರಲ್ಲಿ ಬಿಹಾರದ ಛಪ್ರಾ ಹತ್ತಿರ ಶಾಲೆಯ ಊಟ ತಿಂದು 23 ಮಕ್ಕಳು ಸತ್ತದ್ದು ನಿನಗೂ ನೆನಪಿರಬಹುದು. ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ಮಕ್ಕಳಿಗಿಂತ ಮೊದಲು ಶಿಕ್ಷಕರು ರುಚಿ ನೋಡಬೇಕು ಅನ್ನುವ ನಿಯಮವಿದೆ. ದಿನಾ ಮೊದಲ ತುತ್ತು ಬಾಯಿಗಿಡುವಾಗ ನನಗೆ ಅದು ನೆನಪಾಗುತ್ತದೆ. ನಾನು ನೋಡುವ ಮೊದಲೇ ಅಕ್ಕ ನೋಡಿರುತ್ತಾರೆ, ಯಾರೂ ಹೇಳದಿದ್ದರೂ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ದುಡ್ಡು ತಿಂಗಳ ಮೊದಲೇ ಶಾಲೆಯ ಖಾತೆಗೆ ಬರಲಿ. ಮೊಟ್ಟೆಯ ದರ ಮಾರುಕಟ್ಟೆಯ ಜೊತೆ ಏರಲಿ, ಇಳಿಯಲಿ. ಅಕ್ಕನಿಗೆ ಹನ್ನೆರಡು ತಿಂಗಳೂ ಸಂಬಳ ಅಂತಲೇ ಸಿಗಲಿ. ಇದನ್ನು ನಾನು ಸಭೆಯಲ್ಲೂ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಇನ್ನೂ ಕೊಡುತ್ತೇನೆ.

ಹೋಳಿಗೆ ಬೇಡ ಅನ್ನುವುದಿಲ್ಲ, ಮಕ್ಕಳಿಗೆ ಖುಷಿಯಾಗುತ್ತದೆ. ಮಗನನ್ನೂ ಕರೆದುಕೊಂಡು ಬಾ, ಅವರ ಜೊತೆ ಸಾಲಲ್ಲಿ ಕೂತು ಉಣ್ಣಲಿ. ಸೋಮವಾರವೇ ಬಾ. ಬರುವಾಗ ದೊಡ್ಡ ಕುಕ್ಕರಿಗೆ ಎರಡು ರಬ್ಬರ್ ತಗೊಂಡು ಬಾ. ಈಗಿರುವುದು ಸವೆದು ಆವಿ ಸೋರುತ್ತಿದೆ, ಅಕ್ಕ ಅದರ ಹತ್ತಿರ ನಿಂತರೆ ನನಗೆ ಭಯ. ಆ ಅಳತೆಯದು ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಹಳೆಯದರ ಫೋಟೋ ನಾಳೆ ಕಳಿಸುತ್ತೇನೆ.

ನಿನ್ನ,
ಹಳೇ ಬೆಂಚಿನ ಗೆಳೆಯ